ಸುತ್ತಲಿನ ಸದ್ದು ಕೇಳಿಸಿಕೊಂಡು ಬರೆಯುವುದು ಹೇಗೆ?

‘ಫ್ಯಾನ್ ತಿರುಗುತ್ತಿತ್ತು’ ಎಂದು ಬರೆದರೆ ಸದ್ದು ಎಲ್ಲಿಂದ ಬಂತು ಅನ್ನುವುದಷ್ಟೇ ಗೊತ್ತಾಗುತ್ತದೆ. ಸದ್ದು ಕೇಳಿಸುವುದಿಲ್ಲ, ಅಲ್ವಾ? ಅದು ಹೇಗೆ ಶುರುವಾಯಿತು, ನಡುವೆ ಹೇಗೆ ಬದಲಾಯಿತು, ಹೇಗೆ ನಿಂತಿತು ಎಂಬುದನ್ನು ಹಿಡಿಯಬೇಕು. ಇದು ಯಾರಿಗೂ ಬರುತ್ತದೆ, ಸ್ವಲ್ಪ ಅಭ್ಯಾಸ ಬೇಕು.

ಮೊದಲು ಹತ್ತು ನಿಮಿಷ ಒಂದೇ ಕಡೆ ಸುಮ್ನೆ ಕೂರಿ. ಕಣ್ಣು ಮುಚ್ಚಿ. ತೀರಾ ಹತ್ತಿರದ್ದರಿಂದ ಶುರು ಮಾಡಿ: ನಿಮ್ಮದೇ ಉಸಿರು, ಬಟ್ಟೆಯ ಸರಸರ. ಆಮೇಲೆ ಕೋಣೆಯೊಳಗಿನದು, ಆಮೇಲೆ ಕಿಟಕಿಯಾಚೆಯದು, ಕೊನೆಗೆ ಕಿವಿಗೆ ಎಟುಕುವ ಅತಿ ದೂರದ ಸದ್ದು. ದಿಕ್ಕು ಗೊತ್ತಾಗದಿದ್ದರೆ ತಲೆಯನ್ನು ತುಸು ತಿರುಗಿಸಿ. ಪಕ್ಕದಿಂದ ಬರುವ ಸದ್ದು ಒಂದು ಕಿವಿಗೆ ತುಸು ಮೊದಲು, ಇನ್ನೊಂದಕ್ಕೆ ತುಸು ತಡವಾಗಿ ತಲುಪುತ್ತದೆ. ಈ ಅಂತರ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಮಿದುಳಿಗೆ ದಿಕ್ಕು ಹೇಳಲು ಅಷ್ಟು ಸಾಕು.

ಈಗ ಬಿಟ್ಟೂಬಿಡದೆ ಕೇಳುವ ಸದ್ದನ್ನು ಹುಡುಕಿ. ಫ್ರಿಜ್ಜಿನ ಗುಂಯ್, ದೂರದ ವಾಹನಗಳ ಮೊರೆತ. ಒಂದೇ ಸಮ ಇರುವ ಸದ್ದನ್ನು ಮಿದುಳು ಗಮನದಿಂದ ಕೈಬಿಡುತ್ತದೆ. ಹಾಗಾಗಿ ಅದು ನಿಂತಾಗಲೇ ನಮಗೆ ಗೊತ್ತಾಗುವುದು. ಕೆನಡಾದ ಸಂಗೀತ ಸಂಯೋಜಕ ಮರ್ರಿ ಶೇಫರ್ ಇಂಥ ಹಿನ್ನೆಲೆ ಸದ್ದುಗಳನ್ನೂ ಸಂಗೀತದಷ್ಟೇ ಶ್ರದ್ಧೆಯಿಂದ ಕೇಳಬೇಕು ಎಂದವರು. ಅವರು ಹುಟ್ಟಿದ ಜುಲೈ 18ನ್ನು ಈಗ ವಿಶ್ವ ಆಲಿಸುವ ದಿನವಾಗಿ ಆಚರಿಸುತ್ತಾರೆ.

ಮುಂದಿನ ಹೆಜ್ಜೆಯೇ ಮುಖ್ಯ. ಒಂದೇ ಒಂದು ಸದ್ದು ಆರಿಸಿಕೊಂಡು ಮೊದಲಿನಿಂದ ಕೊನೆವರೆಗೆ ಅದರ ಬೆನ್ನು ಹತ್ತಿ. ಒಲೆ ಮೇಲೆ ನೀರಿಟ್ಟು ನೋಡಿ. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ತಳದಲ್ಲಿ ಸಣ್ಣಗೆ ಚಿಟಿಚಿಟಿ. ಅದು ಬೆಳೆದು ಸುಂಯ್ ಎಂದು ಜೋರಾಗುತ್ತದೆ. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆಗಳು ಮೇಲಿನ ಕಡಿಮೆ ಬಿಸಿಯ ನೀರು ತಾಗಿ ಅಲ್ಲೇ ಕುಸಿಯುವ ಸದ್ದು ಅದು. ಕುದಿ ಬಂದ ಮೇಲೆ ಗುಳ್ಳೆಗಳು ಮೇಲಿನ ತನಕ ಬಂದು ಒಡೆಯುತ್ತವೆ. ಆಗ ಸದ್ದು ತಗ್ಗಿ, ದಪ್ಪಗಾಗಿ, ಕೊತಕೊತ ಅನ್ನುತ್ತದೆ. ಕುದಿಯುವ ನೀರಿಗಿಂತ ಕುದಿಯಲಿರುವ ನೀರಿನ ಗಲಾಟೆಯೇ ಜಾಸ್ತಿ! ಬಾಟಲಿಗೆ ನೀರು ತುಂಬುವಾಗಲೂ ಕಿವಿಗೊಡಿ. ಒಳಗಿನ ಗಾಳಿಯ ಜಾಗ ಕಡಿಮೆಯಾದಂತೆ ಸ್ವರ ಏರುತ್ತಾ ಹೋಗುತ್ತದೆ.

ಬರೆಯುವಾಗ ‘ಜೋರು’, ‘ಮೆಲ್ಲಗೆ’ ಎಂದು ಮುಗಿಸಬೇಡಿ. ಸಣ್ಣದೋ ದಪ್ಪವೋ, ಒಣದೋ ಒದ್ದೆಯೋ, ಎಳೆಯುತ್ತದೋ ತುಂಡಾಗುತ್ತದೋ ಕೇಳಿಕೊಳ್ಳಿ. ಕರಕರ, ಟಪ್, ಕಿರ್ರ್ ಮೊದಲಾದವನ್ನು ಧಾರಾಳವಾಗಿ ಬಳಸಿ. ಸರಿಹೋಗದಿದ್ದರೆ ನೀವೇ ಒಂದು ಕಟ್ಟಿ. ಆಮೇಲೆ ವಸ್ತುವಿನ ಹೆಸರು ತೆಗೆದು ಯಾರಿಗಾದರೂ ಓದಿ ಹೇಳಿ. ಅವರು ಊಹಿಸದಿದ್ದರೆ, ಎಲ್ಲಿ ದಾರಿ ತಪ್ಪಿತು ಅಂತ ಕೇಳಿ ಅಷ್ಟನ್ನು ತಿದ್ದಿ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದು, ಆದರೆ ಬರೆದ ಮೇಲೆ. ಎಷ್ಟೋ ಫೋನುಗಳು ಸಣ್ಣ ಸದ್ದನ್ನು ಏರಿಸಿ, ದೊಡ್ಡದನ್ನು ತಗ್ಗಿಸಿಬಿಡುತ್ತವೆ. ಯಾವುದು ದೂರ, ಯಾವುದು ಹತ್ತಿರ ಎಂಬುದಕ್ಕೆ ನಿಮ್ಮ ಟಿಪ್ಪಣಿಯನ್ನೇ ನಂಬಿ.