ಅಮೆರಿಕದ ರಾಲಿ ನಗರಕ್ಕೆ ಹೊಸದಾಗಿ ಬಂದವರಿಗೆ ಮಾರ್ಚ್ ತಿಂಗಳ ಮಾತು

ಡ್ರೈವಿಂಗ್ ಲೈಸೆನ್ಸ್, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಮಕ್ಕಳ ಲಸಿಕೆಯ ಪತ್ರ: ಇವನ್ನೆಲ್ಲ ಬಂದ ತಿಂಗಳಲ್ಲೇ ಮುಗಿಸಿಕೊಳ್ಳಿ. ನಾನು ಬರೆಯಲು ಕುಳಿತದ್ದು ನನಗೆ ಯಾರೂ ಹೇಳದೆ ಹೋದ ವಿಷಯದ ಬಗ್ಗೆ. ಉತ್ತರ ಕೆರೊಲಿನಾದಲ್ಲಿ ಮಾರ್ಚ್ ಎಂದರೆ ಕಾಲೇಜು ಬ್ಯಾಸ್ಕೆಟ್‌ಬಾಲ್. ಡ್ಯೂಕ್, ಚಾಪೆಲ್ ಹಿಲ್, ನಮ್ಮ ಎನ್‌ಸಿ ಸ್ಟೇಟ್ ಎಂಬ ಮೂರು ವಿಶ್ವವಿದ್ಯಾಲಯಗಳೂ ಕೂಗಳತೆಯ ನೆರೆಹೊರೆ. ನೀನು ಯಾವ ತಂಡದವನು ಎಂದು ನಿಮ್ಮ ಮಗುವನ್ನು ಶಾಲೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಮೊದಲ ವರ್ಷ ಕಚೇರಿಯ ಗೆಳೆಯನೊಬ್ಬ ನನ್ನ ಮೇಜಿನ ಮೇಲೆ ಬ್ರ್ಯಾಕೆಟ್‌ನ ಹಾಳೆ, ಅಂದರೆ ಯಾರಿಗೆ ಯಾರು ಎದುರು ಎಂಬ ಪಂದ್ಯಾವಳಿಯ ನಕ್ಷೆ, ಇಟ್ಟು, ಯಾರು ಗೆಲ್ಲುತ್ತಾರೆಂದು ತುಂಬಿಸಿ ಕೊಡು ಎಂದ. ನನಗೆ ಈ ಆಟ ಗೊತ್ತಿಲ್ಲವೆಂದು ಖಾಲಿ ಹಾಳೆಯನ್ನೇ ಹಿಂತಿರುಗಿಸಿದೆ. ಆಮೇಲೆ ಮೂರು ವರ್ಷ ಯಾರೂ ಕೇಳಲಿಲ್ಲ. ಗೊತ್ತಿಲ್ಲದಿದ್ದರೂ ತುಂಬಿಸಿ. ಅದು ಪರೀಕ್ಷೆಯ ಹಾಳೆಯಲ್ಲ, ಪಂಕ್ತಿಗೆ ಕರೆದಂತೆ.

ಇನ್ನು ಲೆಕ್ಕ. ನಾವು ಅಂಕಪಟ್ಟಿ ನೋಡಿ ಬೆಳೆದವರು. ಹೆಚ್ಚು ಗೆದ್ದವರು ಮುಂದಕ್ಕೆ ಹೋಗುತ್ತಾರೆ ಎಂದುಕೊಳ್ಳುತ್ತೇವೆ. ಇಲ್ಲಿ ಹಾಗಲ್ಲ. ಕಾಲೇಜು ಪುರುಷರ ದೇಶಮಟ್ಟದ ದೊಡ್ಡ ಪಂದ್ಯಾವಳಿಗೆ 2011ರಿಂದ 68 ತಂಡಗಳು. ಒಳಗೆ ಹೋಗಲು ಎರಡು ಬಾಗಿಲು. ತಂಡಗಳೆಲ್ಲ ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಆಡುತ್ತವೆ. ಪ್ರತಿ ಕಾನ್ಫರೆನ್ಸ್ ಋತುವಿನ ಕೊನೆಯಲ್ಲಿ ತನ್ನದೇ ಪಂದ್ಯಾವಳಿ ನಡೆಸುತ್ತದೆ. ಅದನ್ನು ಗೆದ್ದವರಿಗೆ ನೇರ ಪ್ರವೇಶ, ಅದುವರೆಗೆ ಎಷ್ಟೇ ಸೋತಿರಲಿ. 2024ರಲ್ಲಿ ಹೀಗೆ ಬಂದವರು 32. ಉಳಿದ 36 ತಂಡಗಳನ್ನು 12 ಜನರ ಸಮಿತಿ ಕುಳಿತು ಆರಿಸಿತು. ಸದಸ್ಯರ ಸ್ವಂತ ಕಾಲೇಜಿನ ಚರ್ಚೆ ಬಂದಾಗ ಅವರು ಕೋಣೆಯಿಂದ ಎದ್ದು ಹೋಗಬೇಕು. ಈ ನಿಯಮದ ಬಗ್ಗೆ ನನಗೆ ಬಹಳ ಗೌರವವಿದೆ.

ಸಮಿತಿ ಗೆಲುವನ್ನು ಎಣಿಸುವುದಷ್ಟೇ ಅಲ್ಲ, ತೂಗುತ್ತದೆ. ನೆಟ್ ಎಂಬ ಶ್ರೇಯಾಂಕ 2018ರಲ್ಲಿ ಬಂತು. ನಾನು ಬಹಳ ದಿನ ಅದನ್ನು ನಮ್ಮ ನೆಟ್ ರನ್‌ರೇಟ್‌ನಂಥದ್ದೇ ಎಂದುಕೊಂಡು ಮಗನಿಗೂ ತಪ್ಪು ಹೇಳಿಕೊಟ್ಟೆ. ಎದುರಾಳಿ ಯಾರು, ಆಡಿದ್ದು ಯಾರ ಅಂಗಳದಲ್ಲಿ ಎಂಬುದೂ ಅದರಲ್ಲಿ ಸೇರಿದೆ. ತವರಿನಲ್ಲಿ ಮೊದಲ 30ರೊಳಗಿನ ತಂಡ, ತಟಸ್ಥ ಅಂಗಳದಲ್ಲಿ 50ರೊಳಗಿನದು, ಪರರ ಅಂಗಳದಲ್ಲಿ 75ರೊಳಗಿನದು. ಇಂಥದ್ದನ್ನು ಸೋಲಿಸಿದರೆ ಅದು ಕ್ವಾಡ್ ಒನ್ ಗೆಲುವು, ಎಲ್ಲಕ್ಕಿಂತ ಬೆಲೆಯುಳ್ಳದ್ದು. ಪರರ ಊರಿನಲ್ಲಿ ಗೆಲ್ಲುವುದು ಕಷ್ಟವೆಂದು ಲೆಕ್ಕದಲ್ಲೇ ಬರೆದಿಟ್ಟಿದ್ದಾರೆ. ಊರು ಬಿಟ್ಟು ಬಂದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ದೊಡ್ಡ ತಪ್ಪು 2024ರದ್ದು. ಎನ್‌ಸಿ ಸ್ಟೇಟ್ ಕೊನೆಯ ನಾಲ್ಕು ಪಂದ್ಯ ಸೋತು 17 ಗೆಲುವು, 14 ಸೋಲಿಗೆ ಬಂದು ನಿಂತಿತ್ತು. ಕಾನ್ಫರೆನ್ಸ್ ಪಂದ್ಯಾವಳಿ ಶುರುವಾದ ಮಂಗಳವಾರ ನಾನು ಟಿವಿ ಆರಿಸಿ, ಇನ್ನು ಮುಗಿಯಿತು, ಗಣಿತ ಮಾಡು ಎಂದು ಮಗನಿಗೆ ಹೇಳಿದೆ. ಅವರು ಅಂದು ಗೆದ್ದರು, ಬುಧವಾರ ಗೆದ್ದರು, ಗುರುವಾರ ಡ್ಯೂಕನ್ನೇ ಸೋಲಿಸಿದರು. ಶುಕ್ರವಾರ ರಾತ್ರಿ ಮಗ ಗೆಳೆಯನ ಮನೆಗೆ ಹೋಗಿ ನೋಡಿದ. ವರ್ಜೀನಿಯಾ ವಿರುದ್ಧ ಮೂರು ಅಂಕ ಹಿಂದೆ, ಉಳಿದದ್ದು ಕ್ಷಣಗಳು. ಮೈಕೆಲ್ ಒಕಾನೆಲ್ ದೂರದಿಂದ ಎಸೆದ ಚೆಂಡು ಹಲಗೆಗೆ ಬಡಿದು, ರಿಂಗಿನ ಮೇಲೆ ತಡವರಿಸಿ, ಒಳಗೆ ಬಿತ್ತು. ಹೆಚ್ಚುವರಿ ಅವಧಿಯಲ್ಲಿ 73–65. ಶನಿವಾರ ಚಾಪೆಲ್ ಹಿಲ್ಲನ್ನೂ ಸೋಲಿಸಿದರು: ಐದು ದಿನಕ್ಕೆ ಐದು ಗೆಲುವು, ನೇರ ಪ್ರವೇಶ. ಅಲ್ಲಿಂದ ಕೊನೆಯ ನಾಲ್ಕರವರೆಗೆ ಹೋದರು. ಚೆಂಡು ರಿಂಗಿನ ಮೇಲಿದ್ದ ಆ ಹೊತ್ತಿನಲ್ಲಿ ನಾನು ಮಗನ ಪಕ್ಕದಲ್ಲಿರಲಿಲ್ಲ. ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದರೂ ಅದು ತುಂಬಲಿಲ್ಲ.

ನಮ್ಮ ಹಬ್ಬದ ಬೆಲೆಯನ್ನು ಬೇರೆಯವರೂ ತೆತ್ತರು. ಸಮಿತಿ ಆರಿಸದಿದ್ದ ತಂಡ ನೇರ ಬಾಗಿಲಿನಿಂದ ಬಂದರೆ ಅಂಚಿನಲ್ಲಿರುವ ಇನ್ನೊಂದು ತಂಡದ ಜಾಗ ಹೋಗುತ್ತದೆ. ಆ ವರ್ಷ ಹೀಗೆ ನುಗ್ಗಿದ ತಂಡಗಳು ಹಲವು. 28 ಗೆದ್ದು ಬರೀ 6 ಸೋತಿದ್ದ ಇಂಡಿಯಾನಾ ಸ್ಟೇಟ್ ಹೊರಗುಳಿಯಿತು. ಭಾನುವಾರ ಸಂಜೆ ಪಟ್ಟಿ ಓದುವುದನ್ನು ಅವರ ಊರು ಟೆರೆ ಹೋಟ್‌ನಲ್ಲಿ ನಮ್ಮ ಕನ್ನಡದ ಕುಟುಂಬವೊಂದು ಕೊನೆಯ ಹೆಸರಿನವರೆಗೂ ಕೇಳಿತು. ಫೋನಿನಲ್ಲಿ ಅವರ ಮಗಳ ಅಳು ಕೇಳಿಸುತ್ತಿತ್ತು. ಆ ತಂಡ 1938ರಷ್ಟು ಹಳೆಯ ಎನ್‌ಐಟಿ ಪಂದ್ಯಾವಳಿಗೆ ಹೋಗಿ ಫೈನಲ್ ತಲುಪಿತು. ಹೊರಗುಳಿದವರಿಗೂ ಆಡಲು ಜಾಗವಿದೆ ಎಂದು ಮಕ್ಕಳಿಗೆ ಹೇಳಿ.

ಕನ್ನಡ ಸಂಘದವರಲ್ಲಿ ಒಂದು ವಿನಂತಿ: ಪಟ್ಟಿ ಪ್ರಕಟವಾಗುವ ಆ ಭಾನುವಾರ ಸಂಜೆ ಯುಗಾದಿಯ ಕಾರ್ಯಕ್ರಮ ಇಡಬೇಡಿ. ಮಕ್ಕಳು ಬಂದರೂ ಮನಸ್ಸು ಬಂದಿರುವುದಿಲ್ಲ.

ಅದೇ ವರ್ಷ, 2024ರ ಮೇ 18ರಂದು, ಐಪಿಎಲ್‌ನಲ್ಲಿ ಮುಂದಿನ ಸುತ್ತಿಗೆ ಹೋಗಲು ಆರ್‌ಸಿಬಿ ಚೆನ್ನೈ ತಂಡವನ್ನು ಕನಿಷ್ಠ 18 ರನ್‌ಗಳಿಂದ ಸೋಲಿಸಬೇಕಿತ್ತು, 27ರಿಂದ ಸೋಲಿಸಿತು. ಆ ರನ್‌ರೇಟಿನ ಲೆಕ್ಕವನ್ನು ಮೈಸೂರಿನಿಂದ ನಮ್ಮ ತಂದೆ ಮೊಮ್ಮಗನಿಗೆ ಬಿಡಿಸಿ ಹೇಳಿದರು. ಮರುವರ್ಷದ ಮಾರ್ಚ್‌ನಲ್ಲಿ ಎನ್‌ಸಿ ಸ್ಟೇಟ್ ಬಗ್ಗೆ ಕೇಳುವ ಸರದಿ ಅವರದು: ಹೋದ ವರ್ಷ ಗೆದ್ದವರು ಈ ಸಲ ಎಲ್ಲಿ? ನಮ್ಮ ಕಾನ್ಫರೆನ್ಸಿನ 18 ತಂಡಗಳಲ್ಲಿ ಕೊನೆಯ ಮೂರಕ್ಕೆ ಕಾನ್ಫರೆನ್ಸ್ ಪಂದ್ಯಾವಳಿಯೇ ಇಲ್ಲ, ಅವುಗಳಲ್ಲಿ ನಮ್ಮದೂ ಒಂದು ಎಂದು ಮಗ ಹೇಳಬೇಕಾಯಿತು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗ, ಹತ್ತು ನಿಮಿಷ ತಡವರಿಸಿಕೊಂಡು ಕನ್ನಡದಲ್ಲೇ ವಿವರಿಸಿದ. ಕಾನ್ಫರೆನ್ಸ್ ಎನ್ನುವಲ್ಲಿ ಪದ ಸಿಗದೆ ನಿಂತ. "ವಲಯ ಎನ್ನು" ಎಂದರು ತಾತ.