ತೇಲುತ್ತೋ, ಮುಳುಗುತ್ತೋ: ತರಗತಿಯ ನೀರಿನ ಮೂಲೆ ನಡೆಸುವ ಬಗೆ

3ರಿಂದ 6 ವರ್ಷದ ಮಕ್ಕಳ ನೀರಾಟಕ್ಕೆ ದುಬಾರಿ ಸಾಮಾನು ಬೇಡ. ಅಗಲ ಬಾಯಿಯ ಎರಡು ಪ್ಲಾಸ್ಟಿಕ್ ಟಬ್, ಕೆಳಗೆ ಹಾಸಲು ಗೋಣಿಚೀಲ, ಕೈ ಒರೆಸಲು ಹಳೇ ಟವೆಲ್ ಇದ್ದರೆ ಸಾಕು. ಟಬ್ಬನ್ನು ಮಕ್ಕಳ ಸೊಂಟದ ಎತ್ತರದ, ಅಲುಗಾಡದ ಬೆಂಚಿನ ಮೇಲೆ ಇಡುತ್ತೇನೆ. ಒಂದು ಟಬ್ಬಿಗೆ 4 ಮಕ್ಕಳು. ಅದಕ್ಕಿಂತ ಹೆಚ್ಚಾದರೆ ಹಿಂದೆ ನಿಂತವರಿಗೆ ನೀರು ಎಟಕುವುದಿಲ್ಲ, ತಳ್ಳಾಟ ಶುರುವಾಗುತ್ತದೆ.

ನೀರು 10 ಸೆಂ.ಮೀ. ಆಳ ಇರಲಿ. ಕಡಿಮೆಯಾದರೆ ಆಟಕ್ಕೆ ನೀರಿಗೆ ಬಿಡುವ ದಪ್ಪ ಬದನೆಕಾಯಿ ತಳಕ್ಕೆ ತಾಗಿ, ತೇಲುತ್ತಿದೆಯೋ ಕೂತಿದೆಯೋ ತಿಳಿಯುವುದಿಲ್ಲ. ಇಷ್ಟೇ ನೀರಲ್ಲೂ ಪುಟ್ಟ ಮಗು ಮುಳುಗಬಹುದು. ಹಾಗಾಗಿ ಟಬ್ಬಿನಲ್ಲಿ ನೀರಿರುವಷ್ಟು ಹೊತ್ತು ದೊಡ್ಡವರೊಬ್ಬರು ಅಲ್ಲಿಂದ ಕದಲಲೇಬಾರದು. ಆಟ ಮುಗಿದ ಕೂಡಲೇ ನೀರನ್ನು ಗಿಡಕ್ಕೆ ಸುರಿದು ಟಬ್ ಬೋರಲು ಹಾಕುತ್ತೇನೆ.

ಪಾಠವೆಲ್ಲ ಇರುವುದು ವಸ್ತುಗಳ ಆಯ್ಕೆಯಲ್ಲಿ. ಎಲೆ, ಕಲ್ಲು, ಕಾಗದ, ಮೊಳೆ ಇಟ್ಟರೆ ಮಗು ಮೊದಲೇ ನಂಬಿದ್ದನ್ನೇ ಮತ್ತೆ ನೋಡುತ್ತದೆ: ಹಗುರದ್ದು ತೇಲುತ್ತೆ, ಭಾರದ್ದು ಮುಳುಗುತ್ತೆ. ಆ ನಂಬಿಕೆಯನ್ನು ಅಲುಗಿಸುವ ಜೋಡಿಗಳು ಬೇಕು. ದಪ್ಪ ಗುಂಡು ಬದನೆಕಾಯಿಯ ಪಕ್ಕ ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲು. ಎರಡನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಿದ ಮೇಲೆಯೇ ನೀರಿಗೆ ಬಿಡಬೇಕು; ಬದನೆಯೇ ಭಾರ ಎಂದು ಕೈಗೆ ಗೊತ್ತಾಗಿರಬೇಕು. ಆದರೂ ತೇಲುವುದು ಬದನೆ, ಮುಳುಗುವುದು ಕಲ್ಲು. ಆಮೇಲೆ ಸ್ಟೀಲ್ ಬಟ್ಟಲು: ಮೆಲ್ಲಗೆ ಇಟ್ಟರೆ ತೇಲುತ್ತದೆ, ಓರೆ ಮಾಡಿ ನೀರು ತುಂಬಿಸಿದರೆ ತಳ ಸೇರುತ್ತದೆ. ಸಿಪ್ಪೆ ಇರುವ ಕಿತ್ತಳೆ ತೇಲುತ್ತದೆ, ಸಿಪ್ಪೆ ಬಿಡಿಸಿದ್ದು ಸಾಮಾನ್ಯವಾಗಿ ಮುಳುಗುತ್ತದೆ. ನಡುವೆ ಟೊಳ್ಳಿರುವ ಹಣ್ಣು ಸುಲಿದ ಮೇಲೂ ತೇಲಿಬಿಡಬಹುದು, ಬೆಳಿಗ್ಗೆಯೇ ಒಮ್ಮೆ ಪರೀಕ್ಷಿಸಿಡುವುದು ಒಳ್ಳೆಯದು. ಹುಣಸೆಬೀಜ, ಗೋಲಿಗಳನ್ನು ಮೂರು ವರ್ಷದವರ ಹತ್ತಿರ ಸುಳಿಯಗೊಡುವುದಿಲ್ಲ; ಅವು ನೇರ ಬಾಯಿಗೆ ಹೋಗುತ್ತವೆ.

ನೀರಿಗೆ ಬಿಡುವ ಮೊದಲು ಊಹೆ. ಎರಡು ತಟ್ಟೆ ಇಟ್ಟು, ಒಂದರ ಮೇಲೆ ತೇಲುವ ದೋಣಿ, ಇನ್ನೊಂದರ ಮೇಲೆ ತಳ ಸೇರಿದ ಕಲ್ಲಿನ ಚಿತ್ರ ಅಂಟಿಸಿರುತ್ತೇನೆ. ಮಗು ವಸ್ತುವನ್ನು ತನಗೆ ತೋಚಿದ ತಟ್ಟೆಯಲ್ಲಿ ಇಡಬೇಕು. ಹೀಗೆ ಮಾಡಿದರೆ ಮಾತು ಕಡಿಮೆ ಆಡುವ ಮಗುವಿನ ಮನಸ್ಸಿನಲ್ಲಿರುವುದೂ ಕಾಣುತ್ತದೆ. ಆಮೇಲೆ ಒಂದೇ ನಿಯಮ: "ಕೈ ನೀರು ಮುಟ್ಟಿದ ಮೇಲೆ ಬಿಡು." ಮೇಲಿಂದ ಎಸೆದರೆ ಬದನೆಯೂ ಒಳಗೆ ಹೋಗಿ ಬರುತ್ತದೆ, ಗಮನವೆಲ್ಲ ಚಿಮ್ಮುವ ನೀರಿನತ್ತ ಓಡುತ್ತದೆ.

ಇಲ್ಲಿ ಟೀಚರ್ ಬಾಯಿ ಬಿಗಿ ಹಿಡಿಯುವುದೇ ಕಷ್ಟದ ಕೆಲಸ. "ನೋಡು, ಭಾರ ಇರೋದು ಮುಳುಗುತ್ತೆ" ಅಂದುಬಿಟ್ಟರೆ ಆಟ ಅಲ್ಲಿಗೆ ಮುಗಿಯಿತು, ಹೇಳಿದ್ದೂ ತಪ್ಪು. "ಏನಾಯ್ತು ಪುಟ್ಟಾ? ನೀನು ಯಾವ ತಟ್ಟೇಲಿ ಇಟ್ಟಿದ್ದೆ?" ಇಷ್ಟೇ ಸಾಕು. "ಮಿಸ್, ಬದ್ನೆಕಾಯಿ ಒಳಗೆ ಗಾಳಿ ಇದೆ" ಎಂದು ಮಗು ಹೇಳಿದರೆ ಹೌದು, ಅಲ್ಲ ಎನ್ನದೆ ಒಂದು ಕಾಯಿ ಹೆಚ್ಚಿ ತೋರಿಸುತ್ತೇನೆ. ಸ್ಪಂಜಿನಂಥ ತಿರುಳನ್ನು ಒತ್ತಿ ನೋಡಲು ಎಲ್ಲರ ಬೆರಳೂ ಬರುತ್ತವೆ.

ಲೋಟದಿಂದ ಬಾಟಲಿಗೆ ಸುರಿಯುವ ಆಟವನ್ನು ಇನ್ನೊಂದು ಟಬ್ಬಿನಲ್ಲಿ ಇಡುತ್ತೇನೆ. ಒಂದೇ ಲೋಟದ ನೀರನ್ನು ಉದ್ದ ಬಾಟಲಿಗೆ ಸುರಿದಾಗ "ಜಾಸ್ತಿ ಆಯ್ತು" ಅನ್ನುವುದು ಈ ವಯಸ್ಸಿಗೆ ಸಹಜ. ಮಕ್ಕಳು ಯೋಚಿಸುವ ಬಗೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಗುರುತಿಸಿದ್ದೂ ಇದನ್ನೇ. ತಿದ್ದಲು ಹೋಗದೆ ಮತ್ತೆ ಲೋಟಕ್ಕೆ ಸುರಿಯಲು ಬಿಟ್ಟರಾಯಿತು.

ವಸ್ತುಗಳು ಒಮ್ಮೆಗೆ 6 ಇದ್ದರೆ ಸಾಕು. ವಾರಕ್ಕೆ ಎರಡನ್ನು ಮಾತ್ರ ಬದಲಿಸುತ್ತೇನೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಹೊಸದನ್ನು ಹೋಲಿಸಿ ನೋಡಲು ಮಗುವಿಗೆ ಪರಿಚಯದ್ದು ಯಾವುದೂ ಉಳಿಯುವುದಿಲ್ಲ.