ಎರಡು ಸಮೀಕರಣ, ಎರಡು ಅಕ್ಷರ: ಮೊದಲು ಒಂದನ್ನು ಹೊರಗೆ ಹಾಕಿ

ಒಂದೇ ಸಮೀಕರಣದಲ್ಲಿ ಎರಡು ಗೊತ್ತಿಲ್ಲದ ಅಕ್ಷರಗಳಿದ್ದರೆ ಉತ್ತರಗಳು ಲೆಕ್ಕವಿಲ್ಲದಷ್ಟು. ಜೊತೆಗೆ ಇನ್ನೊಂದು ಸಮೀಕರಣ ಕೊಟ್ಟರೆ, ಎರಡಕ್ಕೂ ಒಪ್ಪುವ ಬೆಲೆಗಳನ್ನು ಹುಡುಕಬೇಕು. ಈ ಜೋಡಿ ನೋಡಿ:

3ಅ + 4ಬ = 1 … (1)
5ಅ − 2ಬ = 19 … (2)

ಬರೆಯಲು ಶುರು ಮಾಡುವ ಮೊದಲು ಸಹಗುಣಕಗಳನ್ನು, ಅಂದರೆ ಅಕ್ಷರಕ್ಕೆ ಅಂಟಿಕೊಂಡಿರುವ ಸಂಖ್ಯೆಗಳನ್ನು, ಸುಮ್ನೆ ಒಮ್ಮೆ ನೋಡಿ. ‘ಅ’ ತೆಗೆಯಬೇಕೆಂದರೆ 3 ಮತ್ತು 5 ಎರಡನ್ನೂ 15 ಮಾಡಬೇಕು. ‘ಬ’ ತೆಗೆಯಲು (2)ನೇದನ್ನು 2ರಿಂದ ಗುಣಿಸಿದರೆ ಸಾಕು. ಯಾವುದು ಸುಲಭ ಎಂದು ಹೇಳಬೇಕಾಗಿಲ್ಲ, ಅಲ್ವಾ?

ಗುಣಿಸುವಾಗ ಬಲಗಡೆಯ 19ನ್ನು ಮರೆಯಬೇಡಿ:

10ಅ − 4ಬ = 38

ಇದನ್ನು (1)ಕ್ಕೆ ಕೂಡಿಸಿ. +4ಬ, −4ಬ ಎರಡೂ ಹೋಗಿ 13ಅ = 39 ಉಳಿಯುತ್ತದೆ. ಅ = 3. ಇದನ್ನು (1)ರಲ್ಲಿ ಹಾಕಿದರೆ 9 + 4ಬ = 1, ಅಂದರೆ 4ಬ = −8, ಬ = −2. ಇದೇ ವರ್ಜಿಸುವ ವಿಧಾನ. ಚೀನಾದ ಗಣಿತಜ್ಞರು ಸುಮಾರು 2000 ವರ್ಷಗಳ ಹಿಂದೆಯೇ ಎಣಿಕೆ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಹೆಚ್ಚುಕಡಿಮೆ ಇದನ್ನೇ ಮಾಡುತ್ತಿದ್ದರು.

ತಪ್ಪುಗಳು ಜಾಸ್ತಿ ಆಗುವುದು ಕಳೆಯುವಾಗ. ಈ ಜೋಡಿಯಲ್ಲಿ ನೋಡಿ:

2ಅ + 3ಬ = 12
2ಅ − 5ಬ = −4

ಇಲ್ಲಿ ಕಳೆದರೆ ‘ಅ’ ಹೋಗುತ್ತದೆ. ಆದರೆ ಅವಸರದಲ್ಲಿ 3ಬ, −5ಬ ನೋಡಿದ ಕೈ −2ಬ ಎಂದು ಬರೆದುಬಿಡುತ್ತದೆ. ಸರಿಯಾದದ್ದು 8ಬ = 16. ನನ್ನನ್ನು ಕೇಳಿದರೆ ಕಳೆಯುವ ಗೋಜಿಗೇ ಹೋಗಬೇಡಿ. ಕೆಳಗಿನ ಸಮೀಕರಣದ ಎಲ್ಲ ಚಿಹ್ನೆಗಳನ್ನೂ ಬದಲಿಸಿ, −2ಅ + 5ಬ = 4 ಎಂದು ಬರೆದುಕೊಂಡು ಕೂಡಿಸಿ. ಬ = 2, ಅ = 3.

ಯಾವುದಾದರೂ ಅಕ್ಷರ ಒಂಟಿಯಾಗಿದ್ದರೆ, ಉದಾಹರಣೆಗೆ ಅ + 2ಬ = 7 ಎಂದಿದ್ದರೆ, ಆದೇಶ ವಿಧಾನ ಬೇಗ ಮುಗಿಯುತ್ತದೆ. ಅ = 7 − 2ಬ ಎಂದು ಬರೆದು, ಇನ್ನೊಂದು ಸಮೀಕರಣದಲ್ಲಿ ‘ಅ’ ಇದ್ದಲ್ಲೆಲ್ಲ ಅದನ್ನು ಆವರಣದೊಳಗೆ ಇಡಿ. ಆವರಣ ಬಿಟ್ಟರೆ ಮತ್ತೆ ಚಿಹ್ನೆಯ ತಾಪತ್ರಯ.

ಉತ್ತರವನ್ನು ಎರಡೂ ಸಮೀಕರಣಗಳಲ್ಲಿ ಹಾಕಿ ನೋಡಿ. ಮೊದಲ ಜೋಡಿಗೆ 9 − 8 = 1, 15 + 4 = 19. ಒಂದರಲ್ಲಷ್ಟೇ ಹಾಕಿ ನೋಡಿದರೆ ತಪ್ಪು ಉತ್ತರವೂ ಪಾಸಾಗಬಹುದು.

ಕೆಲವೊಮ್ಮೆ ಎರಡು ಅಕ್ಷರಗಳೂ ಒಟ್ಟಿಗೇ ಮಾಯವಾಗುತ್ತವೆ. ಗಾಬರಿ ಬೇಡ. 2ಅ + 3ಬ = 7, 4ಅ + 6ಬ = 15 ಬಿಡಿಸಿದರೆ ಕೊನೆಗೆ 0 = 1 ಎಂದು ಬರುತ್ತದೆ. ನಕ್ಷೆಯಲ್ಲಿ ಇವು ಸಮಾಂತರ ರೇಖೆಗಳು, ಎಲ್ಲೂ ಸೇರುವುದಿಲ್ಲ. ಹಾಗಾಗಿ ಉತ್ತರವೇ ಇಲ್ಲ. 15ರ ಬದಲು 14 ಇದ್ದಿದ್ದರೆ 0 = 0 ಬರುತ್ತಿತ್ತು. ಆಗ ಎರಡೂ ಒಂದೇ ರೇಖೆ, ಅದರ ಮೇಲಿನ ಪ್ರತಿ ಬಿಂದುವೂ ಉತ್ತರ.